ಅಮ್ಮ ಕಂಡ ಆಚೆ ದಡ

ಗ್ವಾನ್‌ಶಾನ್
ನವೆಂಬರ್ ೧೬, ಭಾನುವಾರ ಸಂಜೆ

ಪ್ರೀತಿಯ ಅಪ್ಪಾ,

ಇವತ್ತು ಬೆಳಿಗ್ಗೆ ಕಾರಿನ ಬಾಗಿಲು ತೆಗೆದಾಗ ಚಾಲಕನ ಸೀಟು ಮುಂದಕ್ಕೆ ಸರಿದಿತ್ತು. ಎಷ್ಟು ಮುಂದಕ್ಕೆಂದರೆ, ಕೂರಲು ಹೋದವಳು ಸ್ಟೀರಿಂಗಿಗೆ ಮೊಣಕಾಲು ಬಡಿಸಿಕೊಂಡೆ. ನೀವು ಕೆಲಸಕ್ಕೆಂದು ಕಾವ್‌ಶ್ಯುಂಗಿಗೆ ಹೋದಮೇಲೆ ಈ ಕಾರನ್ನು ಮುಟ್ಟುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಯಾರನ್ನೂ ಕೇಳದೆ ಸೀಟನ್ನು ಹಿಂದಕ್ಕೆ ತಳ್ಳಿದೆ.

ಅದಿರಲಿ, ಮೊದಲು ನಿಮ್ಮ ಆರೋಗ್ಯ. ಕಾಲ ಹೆಬ್ಬೆರಳಿನ ಊತ ಇಳಿಯಿತೇ? ಸಿಗಡಿ, ಬಿಯರು ಎರಡನ್ನೂ ಬಿಟ್ಟಿದ್ದೇನೆ ಎಂದು ನೀವು ಫೋನಿನಲ್ಲಿ ಹೇಳಿದ್ದನ್ನು ಅಮ್ಮನಿಗೆ ತಲುಪಿಸಿದೆ. "ಎರಡರಲ್ಲಿ ಒಂದನ್ನಾದ್ರೂ ಬಿಟ್ಟಿದ್ರೆ ಸಾಕು" ಅಂದಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಎರಡನೇ ಬೆಳೆಯ ಕೊಯ್ಲು ಮುಗಿದು ಗದ್ದೆಗಳು ಬೋಳಾಗಿವೆ. ಕೊಕ್ಕರೆಗಳು ಕೊಯ್ಲಿನ ಯಂತ್ರದ ಹಿಂದೆ ನಡೆದು ನಡೆದು ದಪ್ಪಗಾಗಿವೆ.

ಇನ್ನು ಕಾರಿನ ವಿಷಯ. ಬುಧವಾರ ಕೊಳ್ಳುವವರು ಬರುತ್ತಾರೆ, ಅಷ್ಟರೊಳಗೆ ಅಮ್ಮನ ಹೆಸರಿನ ಮುದ್ರೆಯನ್ನು ಡ್ರಾಯರಿನಿಂದ ತೆಗೆದು ಮಾರಾಟದ ಫಾರ್ಮಿನಲ್ಲಿ ಸಹಿಯ ಜಾಗಕ್ಕೆ ಒತ್ತಿಡು ಎಂದಿರಿ. "ಮುಂದಿನ ತಿಂಗಳು ನೀನೂ ಕೆಲಸಕ್ಕೆ ತೈಪೆಗೆ ಹೋಗ್ತೀಯ. ಆಮೇಲೆ ಯಾರು ಓಡಿಸ್ತಾರೆ, ನಿಮ್ಮಮ್ಮಾನಾ?" ಎಂದು ನಕ್ಕಿರಿ. ನಾನೂ ನಕ್ಕೆ. ಹೆಂಗಸರ ಹೆಸರಿನಲ್ಲಿದ್ದರೆ ವಿಮೆ ಅಗ್ಗವೆಂದು ಊರಿನ ಅರ್ಧ ಗಂಡಸರು ಮಾಡಿದ್ದನ್ನೇ ನೀವೂ ಮಾಡಿದ್ದೀರಿ. ಹನ್ನೊಂದು ವರ್ಷದಿಂದ ಕಾರು ಅಮ್ಮನದು. ಅದು ಅಮ್ಮನೊಬ್ಬಳಿಗೇ ಗೊತ್ತಿರಲಿಲ್ಲ. ಹೇಳಬೇಕೆಂದು ನಾಲ್ಕು ದಿನ ಅವಳ ಹಿಂದೆ ಸುತ್ತಿದೆ, ಬಾಯಿ ಬರಲಿಲ್ಲ. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಕೊನೆಗೆ, ಮಾರುವ ಮೊದಲು ಒಮ್ಮೆ ಅವಳನ್ನು ಊತ್ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗೋಣ ಎಂದುಕೊಂಡೆ. ಪರದೇಶದ ಒಂದೇ ನದಿಯ ದಂಡೆಯಲ್ಲಿ ಹುಟ್ಟಿ, ಮದುವೆಯಾಗಿ ಒಂದೇ ವಿಮಾನದಲ್ಲಿ ಇಲ್ಲಿಗೆ ಬಂದ ಗೆಳತಿಯರು. ಈಗ ಒಬ್ಬಳು ನಮ್ಮೂರ ಹೊಳೆಯ ಈ ದಡ, ಇನ್ನೊಬ್ಬಳು ಆ ದಡ. ದಿನಾ ಫೋನು, ಆದರೆ ಇಪ್ಪತ್ನಾಲ್ಕು ವರ್ಷದಲ್ಲಿ ಅಮ್ಮ ಆ ಮನೆಯ ಹೊಸ್ತಿಲು ತುಳಿದಿಲ್ಲ. ರೈಲು, ಬಸ್ಸು ಎರಡೂ ನಮ್ಮ ದಡದಲ್ಲೇ ಓಡುತ್ತವೆ. ನೀವು ಪ್ರತಿ ಸಲವೂ "ಈ ಕೊಯ್ಲು ಮುಗೀಲಿ" ಎನ್ನುತ್ತಿದ್ದಿರಿ. ನಮ್ಮಲ್ಲಿ ವರ್ಷಕ್ಕೆರಡು ಕೊಯ್ಲು. ದೂರುತ್ತಿಲ್ಲ ಅಪ್ಪಾ, ಸುಮ್ಮನೆ ನೆನಪಾಯಿತು.

ಸೇತುವೆ ದಾಟಿ ಬೆಟ್ಟದ ಬುಡದ ರಸ್ತೆ ಹಿಡಿದೆವು. ಎದುರಿಗೆ ಒಂದೂ ವಾಹನವಿಲ್ಲ. ಚಕ್ಕೋತ ಮರಗಳು ಕಿಟಕಿಯ ಎತ್ತರಕ್ಕೇ ಹಣ್ಣು ಬಿಟ್ಟಿದ್ದವು. ಒಂದು ತಿರುವಿನಲ್ಲಂತೂ ಟಾರೇ ಇರಲಿಲ್ಲ. ಮಂಗಗಳ ಸಂಸಾರವೊಂದು ರಸ್ತೆಯಲ್ಲಿ ಕೂತು ಹೇನು ಹೆಕ್ಕುತ್ತಿತ್ತು. ಅವು ಮುಗಿಸುವವರೆಗೂ ಕಾದೆವು. ಹೊಸದಾಗಿ ಬಂದಾಗಿನ ಕತೆಯನ್ನು ಅಮ್ಮ ಮತ್ತೆ ಹೇಳಿದಳು. ಅವಳ ಸೀಮೆಯಲ್ಲಿ ಬೆಟ್ಟವೇ ಇಲ್ಲವಲ್ಲ, ಬೆಳಗಾಗೆದ್ದು ಈ ಕಪ್ಪು ಸಾಲನ್ನು ಮಳೆಮೋಡವೆಂದುಕೊಂಡು ಒಂದು ವಾರ ಒಣಹಾಕಿದ ಬಟ್ಟೆಯನ್ನೆಲ್ಲ ಒಳಗೆ ತಂದಳಂತೆ. "ನಿಮ್ಮಜ್ಜಿ ಒಂದು ಮಾತೂ ಹೇಳ್ಲಿಲ್ಲ. ಎಂಟನೇ ದಿನ, 'ಸೊಸೆಯೇ, ಆ ಮೋಡ ನಮ್ಮ ತಾತನ ಕಾಲದಿಂದ್ಲೂ ಅಲ್ಲೇ ಇದೆ' ಅಂದ್ರು."

ಒಂದು ದಿಬ್ಬದ ಮೇಲೆ ನಿಲ್ಲಿಸು ಎಂದಳು. ಹೊಳೆಯಾಚೆ ಇಡೀ ನಮ್ಮ ಕಡೆಯ ಬಯಲು ಹರಡಿತ್ತು. ಬೆಟ್ಟದ ನಡುವಿಗೆ ಸುತ್ತಿದ ಬಿಳಿ ಮೋಡ, ಕೆಳಗೆ ರೈಲು ಹಳಿ, ನೀವು ನೀಲಿ ಬಣ್ಣ ಬಳಿದ ನೀರಿನ ತೊಟ್ಟಿ. ಅಮ್ಮ ತುಂಬಾ ಹೊತ್ತು ನೋಡಿದಳು. "ಅಷ್ಟು ಚಿಕ್ಕದಾ ನಮ್ಮನೆ? ಗುಡಿಸೋವಾಗ ದೊಡ್ಡದು ಅನ್ಸುತ್ತೆ." ಆಮೇಲೆ, ಕೇಳದೆಯೇ, ಸೀಟಿನ ವಿಷಯ ಹೇಳಿದಳು. "ನಿನ್ನೆ ಮಧ್ಯಾಹ್ನ ನೀನು ಮಲಗಿದ್ದಾಗ ಕೂತು ನೋಡ್ದೆ. ಕಾಲು ಎಟುಕುತ್ತಾ ಅಂತ. ಎಟುಕುತ್ತೆ."

ಊತ್ ಚಿಕ್ಕಮ್ಮ ಅಂಗಳದಲ್ಲೇ ಕಾಯುತ್ತಿದ್ದಳು. ಅಪ್ಪಿಕೊಳ್ಳುವುದು, ಅಳುವುದು ಏನೂ ಇಲ್ಲ. ತಮ್ಮ ಸೀಮೆಯ ರೂಢಿಯಂತೆ ಹುಟ್ಟಿದ ಸಾಲಿನ ಎಣಿಕೆಯಿಂದಲೇ ಕರೆದು, "ಐದನೇ ಅಕ್ಕಾ, ಮುದುಕಿಯಾಗಿದ್ದೀಯಲ್ಲೇ" ಎಂದಳು. ಅಮ್ಮ, "ನಿನ್ನ ಕನ್ನಡಿ ಒಡೆದು ಹೋಗಿದೆಯಾ?" ಎಂದಳು. ಆಮೇಲೆ ಇಬ್ಬರೂ ತಮ್ಮ ಭಾಷೆಗೆ ಇಳಿದರು. ಅಕ್ಕಿಹಾಳೆಯಲ್ಲಿ ಸೊಪ್ಪು ಸುತ್ತಿ ಸುತ್ತಿ ನನ್ನ ಬಾಯಿಗೂ ತುರುಕಿದರು. ನಾನು ಇಷ್ಟು ವರ್ಷ ಕೇಳಿದ್ದು ಅಮ್ಮನ ಅರ್ಧ ದನಿ ಮಾತ್ರ ಅನ್ನಿಸಿತು. ಅವಳು ಅಷ್ಟು ಜೋರಾಗಿ, ಅಷ್ಟು ಬೇಗಬೇಗ ಮಾತಾಡಬಲ್ಲಳು.

ಚಿಕ್ಕಮ್ಮ ತಾನೇ ಒಂದು ಪುಟ್ಟ ಲಾರಿ ಓಡಿಸಿಕೊಂಡು ಸಂತೆಗೆ ಶ್ಯಾವಿಗೆ ಒಯ್ಯುತ್ತಾಳೆ. ಕಾರು ಮಾರುತ್ತಾರಂತೆ ಎಂದು ನಾನು ಬಾಯಿ ತಪ್ಪಿ ಅಂದದ್ದೇ ತಡ, "ಯಾರ ಹೆಸರಲ್ಲಿದೆ, ನೋಡಿದ್ದೀಯಾ ಅಕ್ಕಾ? ನನ್ನ ಗಂಡ ನನ್ನ ಹೆಸರಲ್ಲಿ ಮೂರು ಗಾಡಿ ಇಟ್ಟಿದ್ದಾನೆ. ಕಾಗದದಲ್ಲಿ ನಾನು ಭಾರೀ ಸಾಹುಕಾರ್ತಿ" ಎನ್ನುತ್ತಾ ಕಾರಿನ ಮುಂದಿನ ಖಾನೆ ತೆರೆದು ಕಾಗದ ತೆಗೆದೇಬಿಟ್ಟಳು. ಅಮ್ಮ ತನ್ನ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಬೈಯಲಿಲ್ಲ ಅಪ್ಪಾ. "ಹಾಗಾದ್ರೆ ಹನ್ನೊಂದು ವರ್ಷ ನನ್ನ ಕಾರಲ್ಲಿ ನಾನೇ ಹಿಂದಿನ ಸೀಟಲ್ಲಿ ಅಕ್ಕಿಮೂಟೆ ಹಿಡ್ಕೊಂಡು ಕೂತಿದ್ದೆ" ಎಂದಳಷ್ಟೇ. ಚಿಕ್ಕಮ್ಮ ನಕ್ಕೂ ನಕ್ಕೂ ಮೆಟ್ಟಿಲ ಮೇಲೆ ಕುಳಿತಳು.

ಭತ್ತ ಒಣಗಿಸುವ ಅಂಗಳ ಖಾಲಿಯಿತ್ತು. ಅಮ್ಮ ಅಲ್ಲಿ ಮೂರು ಸುತ್ತು ಓಡಿಸಿದಳು. ಓಡಿಸಿದಳು ಎನ್ನುವುದು ದೊಡ್ಡ ಮಾತು. ಕೋಳಿಗಳು ಪಕ್ಕದಲ್ಲೇ ನಡೆದು ಬಂದವು. ಎರಡನೇ ಸುತ್ತಿನಲ್ಲಿ ಬಲಗಡೆಯ ಕನ್ನಡಿ ಬಿದಿರಿನ ಗಳಕ್ಕೆ ಸ್ವಲ್ಪ ತಾಗಿದೆ. ಗಾಜು ಒಡೆದಿಲ್ಲ. ಅವಳ ಮುಖ ಪರೀಕ್ಷೆ ಬರೆಯುವ ಹುಡುಗಿಯ ಮುಖದಂತಿತ್ತು. ಮೂರನೇ ಸುತ್ತಿಗೆ ಕೆಳಗಿನ ತುಟಿ ಕಚ್ಚುವುದನ್ನು ಬಿಟ್ಟಳು.

ಮರಳುವಾಗ ಬುಧವಾರದ ವಿಷಯ, ಫಾರ್ಮಿನ ವಿಷಯ ಎಲ್ಲ ಹೇಳಿದೆ. ಸೇತುವೆ ಬರುವವರೆಗೂ ಪೆಡಲುಗಳ ಮೇಲೆ ನನ್ನ ಕಾಲು ಆಡುವುದನ್ನೇ ನೋಡಿದಳು. ಆಮೇಲೆ, "ಅಪ್ಪ ಮಾರೋಣ ಅಂದ್ರೆ ಮಾರೋಣ. ಆದ್ರೆ ನನ್ನನ್ನ ಒಂದು ಮಾತು ಕೇಳ್ಲಿ" ಎಂದಳು. ಈಗ ಅಡುಗೆಮನೆಯಲ್ಲಿ ಚಿಕ್ಕಮ್ಮ ಕೊಟ್ಟ ಪುದೀನ ಕಡ್ಡಿಗಳನ್ನು ನೀರಿಗಿಡುತ್ತಾ ಏನೋ ಗುನುಗುತ್ತಿದ್ದಾಳೆ. ಒಂದು ಮಾತು ಕೇಳುವುದು ನಿಮಗೆ ಕಷ್ಟವಾಗದೆಂದು ನನಗೆ ಗೊತ್ತು.

ಬೆರಳಿಗೆ ಬಿಸಿನೀರಿನ ಶಾಖ ಕೊಡಿ. ಜೊತೆಯ ಕೆಲಸಗಾರರಿಗೆಲ್ಲ ನನ್ನ ನಮಸ್ಕಾರ. ಹೊಸ ಅಕ್ಕಿಯ ಪೊಟ್ಟಣ ನಾಳೆಯ ರೈಲಿಗೆ ಹಾಕುತ್ತೇವೆ.

ನಿಮ್ಮ ಮಗಳು,
ರೂಯುನ್

ಮರೆತಿದ್ದೆ: ಕೊಳ್ಳುವವರಿಗೆ ನಾನೇ ಫೋನು ಮಾಡಿ, ಬುಧವಾರ ಬರಬೇಡಿ, ಮಾಲೀಕರನ್ನು ಇನ್ನೂ ಕೇಳಿಲ್ಲ ಎಂದೆ. "ಮಾಲೀಕರು ನಿಮ್ಮಪ್ಪ ತಾನೇ?" ಅಂದರು. ಅಲ್ಲ ಎಂದೆ. ಚಾಲನಾ ಶಾಲೆಯ ಹೊಸ ತರಗತಿ ಡಿಸೆಂಬರಿನಲ್ಲಿ ಶುರು, ಪರೀಕ್ಷೆ ಜನವರಿಯಲ್ಲಂತೆ. ಪ್ರಶ್ನೆಪುಸ್ತಕವನ್ನು ಅಮ್ಮನ ಜೊತೆ ಕೂತು ಓದುವವರು ಒಬ್ಬರು ಬೇಕು. ತೈಪೆಯ ಪ್ರಕಾಶನದವರಿಗೆ ಫೆಬ್ರವರಿಯಲ್ಲಿ ಬರುತ್ತೇನೆ ಎಂದು ಈಗಷ್ಟೇ ಬರೆದೆ. ಅವರು ಕಾಯದಿದ್ದರೆ ಬೇರೆ ಕೆಲಸ ಹುಡುಕುತ್ತೇನೆ. ಫೋನಿನಲ್ಲಿ ಇದನ್ನು ಬಾಯಿಬಿಡಬೇಡಿ. ಅಮ್ಮನಿಗೆ ತಿಳಿದರೆ ನಾಳೆಯೇ ನನ್ನನ್ನು ರೈಲು ಹತ್ತಿಸುತ್ತಾಳೆ.