ಆರು ಅಂಕಿ, ಹತ್ತು ನಿಮಿಷ

ಹಗರಿಬೊಮ್ಮನಹಳ್ಳಿ
೬ ಜೂನ್ ೨೦೨೪, ಗುರುವಾರ

ಪ್ರೀತಿಯ ಪುಷ್ಪಕ್ಕನಿಗೆ,

ತಂಗಿ ಸುಮಾ ಮಾಡುವ ನಮಸ್ಕಾರ. ನಾವಿಲ್ಲಿ ಊಟ, ನಿದ್ದೆ, ಜಗಳ ಎಲ್ಲವನ್ನೂ ಹೊತ್ತುಹೊತ್ತಿಗೆ ಮಾಡಿಕೊಂಡು ಚೆನ್ನಾಗಿದ್ದೇವೆ. ನೀನು, ಗಂಗಾಧರ ಮಾವ, ಮಗು ಆರಾಮ ಇದ್ದೀರಿ ಎಂದು ಪಕ್ಕದ ಮನೆ ಈರಕ್ಕ ಹೇಳಿದಳು. ಎರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಈಗ ಬರೆದಿದ್ದಾಳೆಂದರೆ ಏನೋ ಕೆಲಸವಿರಬೇಕು ಎಂದುಕೊಳ್ಳುತ್ತೀ. ಇದೆ. ತಡವಾಗಿದ್ದಕ್ಕೆ ಬೈಯುವುದಿದ್ದರೆ ಬೈ, ಆದರೆ ಪೂರ್ತಿ ಓದಿ ಆಮೇಲೆ ಬೈ. ಕೈಯಲ್ಲಿ ಬರೆದು ಎಷ್ಟೋ ದಿನ ಆಯಿತು, ಅಕ್ಷರ ನೋಡಿ ನಗಬೇಡ.

ಹೋದ ತಿಂಗಳು ಒಂದು ಸಂಜೆ ಸಿಡಿಲು ಹೊಡೆದು ನಮ್ಮ ಅಂಗಡಿಯ ಕಂಪ್ಯೂಟರ್ ಸುಟ್ಟಿತು. ನಮ್ಮದೇನು, ನಿನ್ನದೇ. ನಿನ್ನ ಮೊದಲ ವರ್ಷದ ದುಡಿಮೆಯಲ್ಲಿ ಕೊಂಡದ್ದು. ರಿಪೇರಿಯ ವಹಾಬಣ್ಣ ಬಂದು ಮುಚ್ಚಳ ಬಿಚ್ಚಿ ಮೂಸಿ ನೋಡಿ, "ತಂಗೀ, ಬೋರ್ಡ್ ಸುಟ್ಟೈತಿ. ಡಿಸ್ಕ್ ಮಾತ್ರ ಜೀವಂತ ಐತಿ, ಪುಣ್ಯಾ ಮಾಡೀದಿ" ಎಂದ. ಹಳೆಯ ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಕೊಂಡು, ಹೊಸ ಬೋರ್ಡ್ ಕೂರಿಸಿ, ವಿಂಡೋಸ್ ಮತ್ತೆ ಹಾಕಿದ. ಎರಡು ದಿನ ಹಿಡಿಯಿತು. ಎಲ್ಲಾ ಸರಿಹೋಯಿತು ಅನ್ನುವಾಗ ಪರದೆಯ ಮೂಲೆಯಲ್ಲಿ ಒಂದು ಸಾಲು ಬಂದು ಕೂತಿತು, ವಿಂಡೋಸ್ ಸಕ್ರಿಯಗೊಳಿಸಿ ಎಂದು. ಏನು ಮಾಡಿದರೂ ಏಳಲಿಲ್ಲ.

ಬೋರ್ಡ್ ಬದಲಾದ್ದರಿಂದ ಅದಕ್ಕೆ ಇದು ಬೇರೆ ಕಂಪ್ಯೂಟರ್ ಎಂದೇ ಲೆಕ್ಕವಂತೆ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರೇ ತಮ್ಮ ಖಾತೆಗೆ ಹೋಗಿ, ಇದು ನನ್ನದೇ ಎಂದು ಒಪ್ಪಬೇಕು. ಖಾತೆ ನಿನ್ನದು. ಪಾಸ್‌ವರ್ಡ್ ನಿನ್ನದು. ಮರೆತಿದ್ದರೆ ಕೋಡ್ ಕಳಿಸುತ್ತೇವೆ ಎಂದು ಅದು ತೋರಿಸುವ ಫೋನ್ ನಂಬರಿನ ಕೊನೆಯ ಎರಡು ಅಂಕಿ ನಲವತ್ತೇಳು, ಅದೂ ನಿನ್ನದು.

"ಯಾಕಿಷ್ಟ್ ತಲಿ ಕೆಡಿಸ್ಕೋತಿ? ಊರಾಗ ಅಸಲಿ ವಿಂಡೋಸ್ ಹಾಕ್ಸಿದವ್ರು ಯಾರದಾರ? ಪೆನ್‌ಡ್ರೈವ್ ತಂದೀನಿ, ಐದು ನಿಮಿಷದ ಕೆಲಸ" ಎಂದ ವಹಾಬಣ್ಣ. ನಾನು ಬೇಡವೆಂದೆ. ಇಪ್ಪತ್ತನೇ ತಾರೀಖಿಗೆ ಸೇವಾ ಕೇಂದ್ರದ ತಪಾಸಣೆಯವರು ಬರುತ್ತಾರೆ. ಅಸಲಿ ಇಲ್ಲದಿದ್ದರೆ ನಮ್ಮ ಕೇಂದ್ರದ ಐಡಿ ಮುಚ್ಚುತ್ತಾರೆ. ಐಡಿ ಹೋದರೆ ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ ಎಲ್ಲಾ ಹೋಯಿತು, ಬರೀ ಜೆರಾಕ್ಸ್ ಉಳಿಯಿತು. "ಹಂಗಾರ ಪುಷ್ಪಂದು ನಂಬರ್ ಕೊಡು, ನಾನ ಹಚ್ಚಿ ಕೇಳ್ತೀನಿ" ಎಂದ. ಅದಕ್ಕೂ ಬೇಡವೆಂದೆ. ಹೊಸ ಲೈಸೆನ್ಸ್ ಕೊಳ್ಳಬಹುದಲ್ಲ ಎಂದು ನೀನು ಕೇಳಬಹುದು. ಕೊಳ್ಳಬಹುದು. ನನಗೆ ಮನಸ್ಸಿಲ್ಲ.

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀ. ಹೋದ ಭಾನುವಾರ ನಿನ್ನಲ್ಲಿಗೆಂದು ಹರಪನಹಳ್ಳಿ ಬಸ್ ಹತ್ತಿದ್ದೆ. ಕೊಟ್ಟೂರು ಬರುವ ಹೊತ್ತಿಗೆ ಧೈರ್ಯ ಮುಗಿಯಿತು. ಇಳಿದು, ಮಂಡಕ್ಕಿ ಮೆಣಸಿನಕಾಯಿ ತಿಂದು, ಎದುರಿನ ಬಸ್ಸಿಗೆ ವಾಪಸು ಬಂದೆ. ನಿನ್ನ ಬಾಗಿಲು ಬಡಿದು ಏನೆನ್ನಲಿ, ಕೋಡ್ ಕೊಡು ಎನ್ನಲೇ?

ಅರುಣನ ಮದುವೆ ಕಾರ್ಡಿನ ವಿಷಯ ಇಬ್ಬರೂ ಮರೆತಿಲ್ಲ, ಆದ್ದರಿಂದ ಸುತ್ತಿ ಬಳಸುವುದಿಲ್ಲ. ನಮ್ಮ ತಮ್ಮನ ಮದುವೆ, ನಮ್ಮ ಅಂಗಡಿಯಲ್ಲೇ ಕಾರ್ಡು, ಸುಖಾಗಮನ ಬಯಸುವವರ ಸಾಲಿನಲ್ಲಿ ಸೋದರಮಾವಂದಿರ ಮೊಮ್ಮಕ್ಕಳವರೆಗೂ ಹೆಸರಿತ್ತು, ನಿಮ್ಮಿಬ್ಬರದು ಇರಲಿಲ್ಲ. ಫಾಂಟ್ ಬದಲಿಸುವಾಗ ಒಂದು ಸಾಲು ಕಂಪ್ಯೂಟರ್ ತಿಂದುಬಿಟ್ಟಿತು ಎಂದು ನಾನು ಎಲ್ಲರಿಗೂ ಹೇಳಿದೆ. ಎಲ್ಲರೂ ಒಪ್ಪಿದರು. ಒಪ್ಪದೆ ಏನು, ಕರಿಸಿದ್ದಪ್ಪ ಪಹಣಿಯಲ್ಲಿ ಕರಿಸಿದ್ದಮ್ಮ ಆಗಿ ಮೂರು ವರ್ಷ ಓಡಾಡಿದ ಊರು ಇದು. ಕಂಪ್ಯೂಟರಿನಲ್ಲಿ ತಪ್ಪಾಗಿದೆ ಎಂದರೆ ಇಲ್ಲಿ ಯಾರೂ ಮುಂದೆ ಕೇಳುವುದಿಲ್ಲ.

ನೀನೊಬ್ಬಳೇ ಒಪ್ಪಲಿಲ್ಲ. "ಅಪ್ಪ ಹೇಳದ ನೀ ತೆಗಿಯಾಕಿ ಅಲ್ಲ. ನಾ ಮೆಚ್ಚಿ ಮದುವಿ ಆದದ್ದು ಅಂವಗ ಇನ್ನೂ ಹೊಟ್ಟ್ಯಾಗ ಐತಿ" ಎಂದು ನೀನು ಫೋನ್ ಇಟ್ಟೆ. ಮದುವೆಗೆ ಬರಲಿಲ್ಲ. ಅಪ್ಪ ಅಕ್ಕಿಕಾಳು ಹಾಕುವ ಹೊತ್ತಿನಲ್ಲೂ ಮಂಟಪದ ಬಾಗಿಲ ಕಡೆ ನೋಡುತ್ತಿದ್ದ.

ಈಗಲೂ ಅಪ್ಪ ದಿನಾ ಅಂಗಡಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾನೆ. ವಹಾಬಣ್ಣ ಹೊಸ ಬೋರ್ಡ್ ಕೂರಿಸುವಾಗ ಅಪ್ಪ ಹಳೆಯದನ್ನು ಕೈಯಲ್ಲಿ ಹಿಡಿದು ಆಕಡೆ ಈಕಡೆ ತಿರುಗಿಸಿ ನೋಡಿದ. ಆಮೇಲೆ ನನ್ನನ್ನು ಕೇಳಿದ, "ಮಷೀನ್ ಮಾಡಿದ ತಪ್ಪಿಗೆ ಆಕಿ ನನ್ ಮ್ಯಾಲ ಯಾಕ ಸಿಟ್ಟು ಇಟ್ಕೊಂಡಾಳವಾ?" ನಾನು ಗಿರಾಕಿ ಬಂದರು ಎಂದು ಎದ್ದು ಹೋದೆ. ಯಾರೂ ಬಂದಿರಲಿಲ್ಲ.

ಈಗ ಕೆಲಸದ ಮಾತು. ಕೋಡ್ ಆರು ಅಂಕಿಯದು. ಬಂದು ಹತ್ತು ನಿಮಿಷಕ್ಕೆ ಸತ್ತುಹೋಗುತ್ತದೆ, ಪತ್ರದಲ್ಲಿ ಬರೆದು ಕಳಿಸುವಂಥದ್ದಲ್ಲ. ಈ ಪತ್ರ ನಿನಗೆ ಸೋಮವಾರವೋ ಮಂಗಳವಾರವೋ ಮುಟ್ಟುತ್ತದೆ. ಬುಧವಾರ, ಹನ್ನೆರಡನೇ ತಾರೀಖು, ಬೆಳಿಗ್ಗೆ ಸರಿಯಾಗಿ ಹನ್ನೊಂದಕ್ಕೆ ನಾನಿಲ್ಲಿ ಗುಂಡಿ ಒತ್ತುತ್ತೇನೆ. ನಿನ್ನ ಫೋನಿಗೆ ಅಂಕಿ ಬರುತ್ತವೆ. ನೀನು ಅಂಗಡಿಗೆ ಫೋನ್ ಮಾಡಿ ಹೇಳಬೇಕು. ಮೆಸೇಜ್ ಹಾಕಿದರೂ ಸಾಕು ಎಂದು ಬರೆಯಲು ಹೋಗಿ ಕೈ ತಡೆಯಿತು. ಫೋನೇ ಮಾಡು ಅಕ್ಕ. ನಿನ್ನ ದನಿ ಕೇಳಬೇಕು.

ಮಾವನಿಗೆ ನಮಸ್ಕಾರ. ಮಗುವಿನ ಹೆಸರನ್ನು ಈರಕ್ಕನ ಬಾಯಿಂದ ಕೇಳಬೇಕಾಯಿತು, ಅದಕ್ಕೆ ನಾನೇ ಹೊಣೆ. ನೂರು ಕಾಲ ಬಾಳಲಿ, ಅದರ ಕೆನ್ನೆಗೆ ನನ್ನದೊಂದು ಮುತ್ತು ಕೊಡು.

ನಿನ್ನ ತಂಗಿ,
ಸುಮಲತಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗದೆ ಕೊನೆಗೆ ಉಳಿಸಿಕೊಂಡದ್ದು. ವಹಾಬಣ್ಣ ಫೈಲುಗಳನ್ನು ಇಳಿಸುವಾಗ ಅರುಣನ ಕಾರ್ಡು ಪರದೆಗೆ ಬಂತು. ಒಂದಲ್ಲ, ಎರಡು. ಮೊದಲನೆಯದರಲ್ಲಿ 'ಶ್ರೀಮತಿ ಪುಷ್ಪಲತಾ ಮತ್ತು ಶ್ರೀ ಗಂಗಾಧರ್, ಹರಪನಹಳ್ಳಿ' ಎಂದು ಎಲ್ಲರಿಗಿಂತ ಮೇಲೆ ಇದೆ. ಅಲ್ಲಿಯೇ ಇರಲಿ ಎಂದು ಹೇಳಿ ಹಾಕಿಸಿದ್ದು ಅಪ್ಪ. ಎರಡನೆಯದು ಇಪ್ಪತ್ತು ನಿಮಿಷ ಆದಮೇಲಿನದು. ಆ ಇಪ್ಪತ್ತು ನಿಮಿಷದಲ್ಲಿ ಆದದ್ದು ಇಷ್ಟೇ: ಕೊಟ್ರಮ್ಮ ಅತ್ತೆ ಅಂಗಡಿಗೆ ಬಂದು ಕಾರ್ಡು ನೋಡಿ, "ಪುಷ್ಪಾ ಇದ್ದಿದ್ರ ಇನ್ನೂ ಚಂದ ಮಾಡ್ತಿದ್ಲು" ಎಂದಳು. ನೀನು ಹೋಗಿ ಮೂರು ವರ್ಷ ಆಗಿತ್ತು, ಬಂದವರೆಲ್ಲ ಅದನ್ನೇ ಅನ್ನುತ್ತಿದ್ದರು, ಕಂಪ್ಯೂಟರ್ ಹಚ್ಚಿದರೂ ಪರದೆಯ ಮೇಲೆ ನಿನ್ನ ಹೆಸರೇ ಬರುತ್ತಿತ್ತು. ಅವಳು ಅತ್ತ ಹೋದಮೇಲೆ ಆ ಸಾಲನ್ನು ನಾನು ಅಳಿಸಿದೆ. ಕಂಪ್ಯೂಟರ್ ತಿನ್ನಲಿಲ್ಲ. ಅಪ್ಪ ಹೇಳಲಿಲ್ಲ. ನಾನು.

ಅಪ್ಪನಿಗೆ ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ಲಕೋಟೆಗೆ ಅಂಟು ಹಚ್ಚದೆ, ಓದಿ ಪೋಸ್ಟ್ ಮಾಡು ಎಂದು ಅಪ್ಪನ ಕೈಗೇ ಕೊಡುತ್ತಿದ್ದೇನೆ. ಇದು ನಿನಗೆ ಮುಟ್ಟಿದ್ದರೆ, ಅಂಟಿಸಿದ್ದು ಅಪ್ಪ ಎಂದು ತಿಳಿ.