ಚೀಟಿ ಇಲ್ಲದೆ ಕೊಟ್ಟ ಮಾತ್ರೆ

೧೨ ಆಗಸ್ಟ್, ಮಂಗಳವಾರ

ಉದ್ದನಪಲ್ಲಿಯ ಅಂಜಿನಮ್ಮನವರಿಗೆ ಸಕ್ಕರೆ ನಾನೂರು ದಾಟಿದೆ; ಆಸ್ಪತ್ರೆಗೆ ಸೇರಿಸಿದ್ದಾರೆ. ಮಂಡಿನೋವೆಂದು ನನ್ನ ಔಷಧಿ ಅಂಗಡಿಗೆ ಬಂದವರಿಗೆ, ಡಾಕ್ಟರ ಚೀಟಿ ಇಲ್ಲದೆ ನಾಲ್ಕು ತಿಂಗಳು ಸ್ಟೀರಾಯ್ಡ್ ಕೊಟ್ಟವಳು ನಾನೇ. ಅದು ಲಿವರ್‌ನ ಜೀವಕೋಶದೊಳಗೆ ಇಳಿದು, ಸಕ್ಕರೆ ತಯಾರಿಸುವ ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಬಿ.ಫಾರ್ಮ್ ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೆ. ಕೊಡುವಾಗ ಮರೆತಿದ್ದೆ ಎಂದರೆ ಸುಳ್ಳು. ನೆನಪಿತ್ತು. ಅವರು ನಡೆದಾಡುವುದನ್ನು ನೋಡಿ ಹಿಗ್ಗಿದ್ದೆ, ಅಷ್ಟೆ.

ಸಂಜೆ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಆ ಮಾತ್ರೆ ಒಂದೇ ಸಲ ನಿಲ್ಲಿಸೋಕಾಗಲ್ಲ, ನಿಧಾನವಾಗಿ ಇಳಿಸ್ಬೇಕು" ಎಂದರು.

ಹಾಸಿಗೆಯ ಬಳಿ ಹೋದಾಗ ಅಂಜಿನಮ್ಮ ನನ್ನ ಕೈ ಹಿಡಿದುಕೊಂಡರು. "ಚಂದ್ರಲೇಖಾ, ಇಲ್ಲಿ ಕೊಡೋದ್ರಲ್ಲಿ ನೋವೇ ಹೋಗಲ್ಲ ಕಣಮ್ಮ. ನಿನ್ ಮಾತ್ರೆ ತಂದಿದ್ದೀಯಾ?"

ಅವರ ಕಾಲು ನೀವುತ್ತಾ ಕೂತೆ. ಆ ಮಾತ್ರೆಯಿಂದಲೇ ಹೀಗಾಯಿತೆಂದು ನಾಳೆ ಹೇಳಲೇಬೇಕು. ಹೇಗೆ ಶುರುಮಾಡಲಿ...