ಉತ್ತರದ ಗೋಡೆಯ ಮೂರನೆಯವಳು

ಮಾರ್ಚ್ 3, ಸೋಮವಾರ

ಎಂದಿನಂತೆ ಬೆಳಿಗ್ಗೆಯೇ ಅಟ್ಟಣಿಗೆ ಹತ್ತಿದೆ. ಚರ್ಚಿನ ಹೊರಗಿಗಿಂತ ಒಳಗೇ ಚಳಿ. ಲೋಲಾನ್ ದ್ವೀಪದ ಗಾಳಿ ಕಿಟಕಿಯ ಸಂದಿಯಲ್ಲಿ ಸಿಳ್ಳೆ ಹಾಕುತ್ತದೆ. ಹಳೆಯ ಗೋಡೆಚಿತ್ರಗಳ ಮೇಲೆ ಯಾವತ್ತೋ ಬಳಿದ ಸುಣ್ಣ ಸ್ಕಾಲ್ಪೆಲ್ಲಿನ ತುದಿಗೆ ಚಕ್ಕೆಯಾಗಿ ಏಳುತ್ತಿದೆ. ಅದರಡಿ ಸಂತ ಮಹಿಳೆಯರ ಸಾಲು; ಜೊತೆಗಿರುವ ವಸ್ತುವಿನಿಂದಲೇ ಯಾರೆಂಬ ಗುರುತು. ಮೊದಲನೆಯವಳ ಪಕ್ಕ ಮುರಿದ ಚಕ್ರ — ಕ್ಯಾಥರೀನ್. ಎರಡನೆಯವಳ ಕೈಯಲ್ಲಿ ಗೋಪುರ — ಬಾರ್ಬರಾ. ಮೂರನೆಯವಳ ಕೈಯಲ್ಲಿ ಇಕ್ಕಳ. ಅವಳು ನನ್ನ ಜೊತೆ ಕೆಲಸ ಮಾಡುವ ಟೋರ್ಕಿಲ್ ಪಾಲಿಗೆ.

ಆಪರೇಷನ್ ಆದಮೇಲೆ ಮೊದಲ ಕೆಲಸ. ಎಡ ಸ್ತನ ತೆಗೆದಿದ್ದಾರೆ. ಇಲ್ಲಿ ಟೋರ್ಕಿಲ್‌ಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಎಡಗೈ ಭುಜದಿಂದ ಮೇಲೆ ಏಳುವುದಿಲ್ಲ. ಬಲಗೈ ಸಾಕು.

ಮಾರ್ಚ್ 5

ಟೋರ್ಕಿಲ್ ಮೂರನೆಯವಳ ಮುಂದೆ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಿದ್ದಾನೆ. ಧೂಳಿಗೆ ಅಂದ. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದ್ದೇನೆ, ಧೂಳಿಗೆಂದು ಹಾಳೆ ಕಟ್ಟಿದ್ದು ಕಂಡಿಲ್ಲ. ಯಾರು ಇವಳು ಎಂದೆ. ಅಪೊಲೋನಿಯಾ ಅಂದ — ಹಲ್ಲು ಕೀಳಿಸಿಕೊಂಡವಳು. ಹಾಗಾದರೆ ಇಕ್ಕಳದ ಬಾಯಲ್ಲಿ ಹಲ್ಲಿರಬೇಕು. ಇನ್ನೂ ಸುಣ್ಣದಡಿ ಇದೆ ಎಂದು ಮುಖ ತಿರುಗಿಸಿದ.

ಈ ಕೆಲಸ ಇನ್ನು ನನ್ನ ಕೈಲಿ ಆಗದು ಎಂದುಕೊಂಡಿದ್ದಾನೆ. ಕೋಪ ಬಂತು. ತೋರಿಸಲಿಲ್ಲ. ಮಧ್ಯಾಹ್ನ ರೈ ಬ್ರೆಡ್, ಹೆರಿಂಗ್ ಮೀನು — ಬೇರೆಬೇರೆ ಬೆಂಚಿನಲ್ಲಿ.

ಮಾರ್ಚ್ 10, ಮಧ್ಯಾಹ್ನ

ಅವನು ಪೇಟೆಗೆ ಹೋದಾಗ ಹಾಳೆ ಎತ್ತಿದೆ. ಇಕ್ಕಳದಲ್ಲಿ ಹಲ್ಲಿಲ್ಲ. ಇನ್ನೊಂದು ಕೈಯಲ್ಲಿ ತಟ್ಟೆ. ತಟ್ಟೆಯ ಮೇಲೆ ತೆಳು ಕಾಗದ ಅಂಟಿಸಿದ್ದಾನೆ — ಬಣ್ಣ ಉದುರುವಲ್ಲಿ ಅಂಟಿಸುವಂಥದ್ದು. ಇಲ್ಲಿ ಬಣ್ಣ ಗಟ್ಟಿಯಾಗಿಯೇ ಇದೆ. ಒದ್ದೆ ಬ್ರಷ್ಷಿನಿಂದ ಬಿಡಿಸಿದೆ.

ಎರಡು ಸ್ತನಗಳು. ಅಚ್ಚುಕಟ್ಟಾಗಿ, ಪಕ್ಕಪಕ್ಕ.

ಅಗಾಥಾ. ಕ್ರಿಸ್ತನನ್ನು ಬಿಡೆನೆಂದದ್ದಕ್ಕೆ ಅಧಿಕಾರಿ ಇವನ್ನು ಇಕ್ಕಳದಿಂದ ಕೀಳಿಸಿದ. ಎಷ್ಟೋ ಗೋಡೆಗಳಲ್ಲಿ ಇವಳ ಹೆಸರು ಗುರುತು ಹಾಕಿಕೊಂಡು ಮುಂದೆ ಹೋಗಿದ್ದೇನೆ. ಇವತ್ತು ಕೆಳಗಿಳಿದು ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತೆ.

ಟೋರ್ಕಿಲ್ ಬಂದ. ನನ್ನ ಕೈಯಲ್ಲಿದ್ದ ಕಾಗದ ನೋಡಿದ.

"ನೀನ್ ಇದನ್ನ ನೋಡೋದ್ ಬೇಡ ಅಂತ, ಸೋಲ್ವೈ..."

"ಕನ್ನಡೀಲಿ ದಿನಾ ನೋಡ್ತೀನಲ್ಲ."

ಕಾಗದ ಅವನ ಕೈಗಿತ್ತು ಮತ್ತೆ ಅಟ್ಟಣಿಗೆ ಹತ್ತಿದೆ.

ಮಾರ್ಚ್ 12

ಪಾದ್ರಿ ಎಸ್ಬೆನ್ ಬಂದಿದ್ದರು, ಜೊತೆಗೆ ಚರ್ಚ್ ಸಮಿತಿಯ ಅಧ್ಯಕ್ಷೆ ಗುನ್ವರ್ — ಎಂಬತ್ತು ದಾಟಿದ ಹೆಂಗಸು. ಪಾದ್ರಿಗೆ ತಟ್ಟೆ ಕಂಡು ಖುಷಿ. ಬಡವರಿಗೆ ರೊಟ್ಟಿ ಹಂಚಿದ ಎಲಿಜಬೆತ್ ಇರಬೇಕು ಎಂದರು. ಟೋರ್ಕಿಲ್ ನನ್ನ ಮುಖ ನೋಡಿ, ಇರಬಹುದು ಎಂದ. ಕೆಲಸದಲ್ಲಿ ಹೊರಗಿನವರೆದುರು ಅವನ ಬಾಯಿಂದ ಸುಳ್ಳು ಕೇಳಿದ್ದು ಇದೇ ಮೊದಲು. ನನಗಾಗಿ ಹೇಳಿದ್ದು.

ನಾನು ಹೇಳಿದೆ: "ರೊಟ್ಟಿ ಅಲ್ಲ. ಅವಳ ಮೊಲೆಗಳು. ಇವಳು ಅಗಾಥಾ."

ಪಾದ್ರಿ ಕನ್ನಡಕ ಒರೆಸಿಕೊಂಡರು. ಪಾಠಕ್ಕೆ ಮಕ್ಕಳು ಬರುತ್ತಾರೆ, ಅಷ್ಟು ಭಾಗಕ್ಕೆ ಮಾತ್ರ ಮತ್ತೆ ಸುಣ್ಣ ಬಳಿದುಬಿಡಿ ಎಂದರು.

ಗುನ್ವರ್ ಅವರತ್ತ ನೋಡಲೂ ಇಲ್ಲ. "ಆಮೇಲ್ ಬದುಕಿದ್ಲಾ ಇವ್ಳು?"

ಜೈಲಿನಲ್ಲಿ ಗಾಯ ಮಾಯಿತಂತೆ, ಆಮೇಲೆ ಬೇರೆ ಥರ ಕೊಂದರಂತೆ ಎಂದೆ.

"ಮಾಯ್ತಲ್ಲ. ಹಂಗಾದ್ರೆ ಮುಚ್ಚೋದೇನ್ ಬಂತು? ಆ ಕಡೆ ಗೋಡೇಲಿ ಸಂತ ಲಾರೆನ್ಸನ್ನ ಕಾದ ಕಬ್ಬಿಣದ್ ಮೇಲಿಟ್ಟು ಸುಟ್ಟಿದ್ ನೋಡ್ಕೊಂಡೇ ನಮ್ ಮಕ್ಳು ಬೆಳೆದಿಲ್ವಾ? ಇದನ್ನೂ ನೋಡ್ಲಿ."

ಪಾದ್ರಿ ಒಪ್ಪಿದರು. ತಟ್ಟೆ ಉಳಿಯುತ್ತದೆ.

ಅವರು ಹೋದಮೇಲೆ ಟೋರ್ಕಿಲ್ ಕಾಫಿ ತಂದು ನನ್ನ ಬೆಂಚಿನಲ್ಲೇ ಕೂತ. ನೋಯುತ್ತದೆಯೇ ಎಂದು ಕೇಳಿದ. ಚಳಿಗೆ ಸೆಳೆಯುತ್ತದೆ ಎಂದೆ.

ಮಾರ್ಚ್ 14, ಸಂಜೆ

ಅಗಾಥಾಳನ್ನು ನಾನೇ ಮುಗಿಸಿದೆ. ನನ್ನ ಕೈಗೆಟುಕದ ಎತ್ತರದ್ದನ್ನಷ್ಟೇ ಅವನು ಮಾಡಿದ. ನಾಲ್ಕನೆಯವಳನ್ನು ಇಬ್ಬರೂ ಶುರು ಮಾಡಿದ್ದೇವೆ.

ಬ್ರಾ ಪಟ್ಟಿ ಭುಜ ಕೊರೆಯುತ್ತಿತ್ತು. ಒಳಗೆ ಇಟ್ಟುಕೊಳ್ಳುವ ಸಿಲಿಕೋನ್ ಎದೆಯನ್ನು ತೆಗೆದು ಚೀಲಕ್ಕೆ ಹಾಕಿ ಹಾಗೇ ಮೇಲೆ ಹತ್ತಿದೆ. ಟೋರ್ಕಿಲ್ ನೋಡಿದ. ದೀಪವನ್ನು ನನ್ನ ಕಡೆ ತಿರುಗಿಸಿ, ನಾಲ್ಕನೆಯವಳ ಕೈಯಲ್ಲಿರುವುದು ಕತ್ತಿಯೇ ಎಂದು ವಾದ ಮುಂದುವರಿಸಿದ. ನಾನು ಮೇಣದಬತ್ತಿ ಎನ್ನುತ್ತೇನೆ. ತುದಿಯಲ್ಲಿ ಕೆಂಪಿದೆ. ಅವನು ರಕ್ತ ಅಂತಾನೆ. ನನಗೆ ಉರಿಯ ಹಾಗೆ... ಇನ್ನೊಂದು ಚಕ್ಕೆ ಎದ್ದರೆ ತಿಳಿಯುತ್ತದೆ.